ಯಂತ್ರ ಹೊಸದಾಗುವ ಮುನ್ನ

ಕಲಬುರಗಿಯಿಂದ ವಾಯವ್ಯಕ್ಕೆ ಹೊರಟರೆ ಆಳಂದ, ಪಶ್ಚಿಮಕ್ಕೆ ಅಫಜಲಪುರ, ದಕ್ಷಿಣಕ್ಕೆ ಭೀಮೆಯ ಸೇತುವೆಯನ್ನು ದಾಟಿ ಮುಂದೆ ನಡೆದರೆ ಜೇವರ್ಗಿ. ಈ ಮೂರು ಊರುಗಳಲ್ಲಿ ಯಾವುದಕ್ಕೆ ಹೋದರೂ ತಾಲ್ಲೂಕು ಕಚೇರಿಯ ಆಸುಪಾಸಿನಲ್ಲಿ ಒಂದು ಬಗೆಯ ಪುಟ್ಟ ಅಂಗಡಿಗಳು ಕಣ್ಣಿಗೆ ಬೀಳುತ್ತವೆ. ಹೊರಗೆ ಝೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿ ಎಂಬ ಫಲಕ. ಒಳಗೆ ಒಂದೋ ಎರಡೋ ಗಣಕಯಂತ್ರ. ರೈತನ ಅರ್ಜಿ, ವಕೀಲರ ನೋಟೀಸು, ಮದುವೆಯ ಕರೆಯೋಲೆ, ಜಾತ್ರೆಯ ಕರಪತ್ರ, ಊರ ಕವಿಯ ಮೊದಲ ಸಂಕಲನ, ಎಲ್ಲವೂ ಮೂಡುವುದು ಅದೇ ಕೀಲಿಮಣೆಯ ಮೇಲೆ. ನಮ್ಮ ಕಾಲದ ಲಿಪಿಕಾರರು ಯಾರೆಂದು ಯಾರಾದರೂ ಕೇಳಿದರೆ ನಾನು ಈ ಅಂಗಡಿಗಳ ಕಡೆಗೇ ಕೈತೋರುತ್ತೇನೆ.

ಈ ಲಿಪಿಕಾರರ ಮುಂದೆ, ಮತ್ತು ಅವರ ಕೈಯಲ್ಲಿ ಬರೆಯಿಸಿಕೊಂಡ ನಮ್ಮಂಥವರ ಮುಂದೆ, ಒಂದು ಪ್ರಶ್ನೆ ಬಂದು ನಿಂತಿದೆ. ಯಂತ್ರದಲ್ಲಿರುವ ಹಳೆಯ ಕಾರ್ಯವ್ಯವಸ್ಥೆಯನ್ನು ಬಿಟ್ಟು ಹೊಸದಕ್ಕೆ ಹೋಗಬೇಕೇ, ಬೇಡವೇ? ಇದು ಯಂತ್ರ ಬಲ್ಲವರ ಪ್ರಶ್ನೆ, ಸಾಹಿತ್ಯದ ಮಾತು ಕೇಳಲು ಕುಳಿತವರಿಗೆ ಇದರಿಂದೇನು ಎಂದು ಶ್ರೋತೃಗಳು ಕೇಳಬಹುದು. ಇದರ ಬೇರು ಕನ್ನಡದ ಅಕ್ಷರದಲ್ಲಿಯೇ ಇದೆ ಎಂಬುದನ್ನು ತೋರಿಸುವುದಷ್ಟೇ ಇಂದಿನ ನನ್ನ ಮಾತಿನ ಉದ್ದೇಶ.

ಮೊದಲು ಕಾರ್ಯವ್ಯವಸ್ಥೆ ಎಂದರೇನು ಎಂಬುದನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಗಣಕಯಂತ್ರವೆಂಬುದು ಬರಿಯ ಲೋಹ ಮತ್ತು ಸಿಲಿಕಾನು. ಕೀಲಿಯನ್ನು ಒತ್ತಿದರೆ ಅಕ್ಷರ ಮೂಡಬೇಕು, ಬರೆದದ್ದು ಉಳಿಯಬೇಕು, ಮುದ್ರಣಯಂತ್ರ ಹೇಳಿದ ಮಾತು ಕೇಳಬೇಕು. ಇವೆಲ್ಲವನ್ನೂ ಒಳಗಿದ್ದು ನಡೆಸುವ ಕಾರಭಾರಿಯೇ ಕಾರ್ಯವ್ಯವಸ್ಥೆ. ನಮ್ಮ ಕಡೆಯ ಹೆಚ್ಚಿನ ಯಂತ್ರಗಳಲ್ಲಿ ಈ ಕಾರಭಾರ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸಿನದು. ಕಾರಭಾರಿಗಳು ಬದಲಾಗುತ್ತಾರೆ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಬಂದಿತು. 2014ರ ಏಪ್ರಿಲ್ 8ರಂದು ಅದರ ಪೋಷಣೆ ನಿಂತಿತು. ವಿಂಡೋಸ್ 7 2009ರಲ್ಲಿ ಬಂದು 2020ರ ಜನವರಿ 14ರಂದು ನಿವೃತ್ತಿಯಾಯಿತು. ವಿಂಡೋಸ್ 10 2015ರ ಜುಲೈ 29ರಂದು ಬಂದಾಗ, ಇದೇ ಕೊನೆಯ ವಿಂಡೋಸ್ ಎಂಬ ಮಾತು ಅದೇ ಸಂಸ್ಥೆಯ ಒಬ್ಬ ಉದ್ಯೋಗಿಯ ಬಾಯಿಂದ ಹೊರಟು ಲೋಕವನ್ನೆಲ್ಲ ಸುತ್ತಿತು. ಯಂತ್ರಲೋಕದಲ್ಲಿ 'ಕೊನೆಯದು' ಎಂಬ ಮಾತಿಗೆ ಆಯುಷ್ಯ ಕಡಿಮೆ. 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂದಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಪೋಷಣೆ ಮುಗಿಯಿತು. ಮನೆಬಳಕೆಯವರು ಹೆಸರು ನೋಂದಾಯಿಸಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ರಕ್ಷಣೆಯ ತಿದ್ದುಪಡಿಗಳನ್ನು ಕೊಡುವುದಾಗಿ ಸಂಸ್ಥೆಯು ಪ್ರಕಟಿಸಿತು. ಅದು ಪಯಣಿಗನಿಗೆ ಛತ್ರದಲ್ಲಿ ಕೊಟ್ಟ ಇನ್ನೊಂದು ರಾತ್ರಿಯ ವಸತಿ, ಅಷ್ಟೆ.

ಪೋಷಣೆ ನಿಂತಿತೆಂದರೆ ಯಂತ್ರ ನಿಂತಿತೆಂದು ಅರ್ಥವಲ್ಲ. ಮರುದಿನ ಬೆಳಗ್ಗೆಯೂ ಅದು ಎಂದಿನಂತೆಯೇ ಏಳುತ್ತದೆ. ಅರ್ಜಿಯೂ ಮೂಡುತ್ತದೆ, ಕರೆಯೋಲೆಯೂ ಮೂಡುತ್ತದೆ. ಆದರೆ ಗೋಡೆಯಲ್ಲಿ ಹೊಸ ಬಿರುಕು ಕಂಡಾಗ ಗಾರೆ ಮೆತ್ತುವವರು ಯಾರೂ ಇಲ್ಲ. ಆ ಬಿರುಕಿನಿಂದ ಏನು ನುಗ್ಗಬಹುದೆಂಬುದನ್ನು ಲೋಕವು 2017ರ ಮೇ 12ರಂದು ಕಂಡಿತು. ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಯಂತ್ರಗಳನ್ನು ಹೊಕ್ಕು, ಕಡತಗಳಿಗೆ ಬೀಗ ಜಡಿದು, ಬೀಗ ತೆಗೆಯಲು ಹಣ ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ನಮ್ಮ ನೆರೆಯ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕೆಲವು ಯಂತ್ರಗಳೂ ಸಿಕ್ಕಿಬಿದ್ದವು. ಗಮನಿಸಬೇಕಾದ ಸಂಗತಿಯೆಂದರೆ, ಆ ಬಿರುಕಿಗೆ ಬೇಕಾದ ಗಾರೆಯನ್ನು ಸಂಸ್ಥೆಯು ಎರಡು ತಿಂಗಳ ಹಿಂದೆಯೇ, ಮಾರ್ಚ್ 14ರಂದು, ಹಂಚಿತ್ತು. ಹಚ್ಚಿಕೊಂಡವರು ಉಳಿದರು, ಹಚ್ಚಿಕೊಳ್ಳದವರು ಕೆಟ್ಟರು. ಹೊಸ ವ್ಯವಸ್ಥೆಗೆ ಹೋಗಬೇಕೆಂಬ ವಾದಕ್ಕೆ ಇದಕ್ಕಿಂತ ಬಲವಾದ ಆಧಾರ ಬೇಕಿಲ್ಲ.

ಇನ್ನೊಂದು ಪಕ್ಷದ ವಾದವನ್ನೂ ಆಲಿಸೋಣ. ವಿಂಡೋಸ್ 11 ಎಲ್ಲ ಮನೆಗೂ ಬರುವ ಅತಿಥಿಯಲ್ಲ. ಕೀಲಿಕೈಗಳನ್ನು ಗುಟ್ಟಾಗಿ ಕಾಪಾಡುವ ಟಿಪಿಎಂ ಎಂಬ ಭದ್ರತಾ ಘಟಕ ಯಂತ್ರದೊಳಗೆ ಇರಬೇಕು, ಅದೂ 2.0 ಆವೃತ್ತಿಯದು, 4 ಜಿಬಿ ಸ್ಮೃತಿ, 64 ಜಿಬಿ ಸಂಗ್ರಹ ಇರಬೇಕು, ಇಂಟೆಲ್ ಸಂಸ್ಕಾರಕವಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ಮುಂದಿನದು ಆಗಿರಬೇಕು. ಎಂಟನೆಯ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಿಂದೆ ಕೊಂಡ ಯಂತ್ರ ಎಷ್ಟೇ ಗಟ್ಟಿಮುಟ್ಟಾಗಿದ್ದರೂ ಬಹುಮಟ್ಟಿಗೆ ಬಾಗಿಲ ಹೊರಗೇ ನಿಲ್ಲಬೇಕು. ಅರ್ಹವಾದ ಯಂತ್ರಕ್ಕೆ ವಿಂಡೋಸ್ 10ರಿಂದ 11ಕ್ಕೆ ಏರುವುದು ಉಚಿತ. ಆದರೆ ಅರ್ಹತೆಯೇ ದುಬಾರಿ. ಅಡ್ಡದಾರಿಯಿಂದ ಹಾಕಿಕೊಡುವವರೂ ಇದ್ದಾರೆ. ಹಾಗೆ ಹಾಕಿಕೊಂಡ ಯಂತ್ರಕ್ಕೆ ಮುಂದಿನ ತಿದ್ದುಪಡಿಗಳು ಬಂದೇ ತೀರುತ್ತವೆಂಬ ಭರವಸೆಯನ್ನು ಸಂಸ್ಥೆಯು ಕೊಡುವುದಿಲ್ಲ.

ಇಷ್ಟೇ ಆಗಿದ್ದರೆ ಇದು ಹಣಕಾಸಿನ ಲೆಕ್ಕವಾಗಿ ಮುಗಿಯುತ್ತಿತ್ತು. ಆದರೆ ಆಳಂದದಲ್ಲಿಯಾಗಲಿ ಜೇವರ್ಗಿಯಲ್ಲಿಯಾಗಲಿ ಟೈಪಿಂಗ್ ಅಂಗಡಿಯವರೊಡನೆ ಮಾತಿಗೆ ಕುಳಿತಾಗ ನಾನು ಕೇಳಿದ ಮೊದಲ ಅಂಜಿಕೆ ಹಣದ್ದಲ್ಲ. "ಹೊಸದು ಹಾಕಿದರೆ ಹಳೇ ಫೈಲು ತೆರೀತಾವೇನ್ರೀ?" ಎಂಬುದೇ ಆ ಅಂಜಿಕೆ. ಈ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಬರೆಯುವವನು ಇಷ್ಟು ಭಯದಿಂದ ಕೇಳಲಾರ. ಕನ್ನಡದಲ್ಲಿ ಬರೆಯುವವನು ಕೇಳುತ್ತಾನೆ. ಕೇಳಲು ಕಾರಣವೂ ಇದೆ.

ಗಣಕಯಂತ್ರಕ್ಕೆ ಅಕ್ಷರ ತಿಳಿಯದು, ಅಂಕಿ ಮಾತ್ರ ತಿಳಿಯುತ್ತದೆ. ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿಯೆಂದು ಒಪ್ಪಂದ ಮಾಡಿಕೊಂಡೇ ನಾವು ಅದರಲ್ಲಿ ಬರೆಯುವುದು. ಹಿಂದೆ ಚಾಲ್ತಿಯಲ್ಲಿದ್ದ ಒಪ್ಪಂದದಲ್ಲಿ ಕೇವಲ 256 ಸ್ಥಾನಗಳಿದ್ದವು. ಅವೆಲ್ಲ ರೋಮನ್ ಲಿಪಿಯ ವಶದಲ್ಲಿದ್ದವು. ಕನ್ನಡಕ್ಕೆ ಸ್ವಂತ ಮನೆಯಿರಲಿಲ್ಲ. ಆಗ ನಮ್ಮವರು ಒಂದು ಜಾಣ್ಮೆಯ ಉಪಾಯ ಹೂಡಿದರು. ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ಚಿತ್ರಗಳನ್ನು ಕೂರಿಸಿ, ಅದನ್ನೊಂದು ಫಾಂಟ್ ಎಂದು ಕರೆದರು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಿತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿ ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರಕ್ಕಾಗಿ 'ನುಡಿ'ಯನ್ನು ಸಿದ್ಧಪಡಿಸಿತು. ತಾಲ್ಲೂಕು ಕೇಂದ್ರಗಳ ಅಂಗಡಿಗಳಿಗೆ ಕನ್ನಡವನ್ನು ತಂದುಕೊಟ್ಟ ಪುಣ್ಯ ಈ ತಂತ್ರಾಂಶಗಳದು; ಅದನ್ನು ಮರೆಯುವುದು ಕೃತಘ್ನತೆಯಾದೀತು.

ಆದರೆ ಆ ಉಪಾಯದ ಬೆಲೆಯೇನು? ಹಳೆಯ ನುಡಿ ಫಾಂಟಿನಲ್ಲಿ 'ಕನ್ನಡ' ಎಂದು ಬರೆದು, ಆ ಕಡತವನ್ನು ಫಾಂಟಿಲ್ಲದ ಯಂತ್ರದಲ್ಲಿ ತೆರೆದು ನೋಡಿ. ಇಂಗ್ಲಿಷಿನ 'ಪಿ', ನೆತ್ತಿಯ ಮೇಲೆ ಗೀಟು ಹೊತ್ತ ಒಂದು 'ಎ', ಬ್ರಿಟಿಷರ ಪೌಂಡಿನ ಚಿಹ್ನೆ, ಮತ್ತೊಂದು 'ಎ', ಜರ್ಮನರ ಒಂದು 'ಸ್ಸ'ಕಾರ, 'ಕ್ಯೂ', ಮತ್ತೆ 'ಎ' ಕಾಣುತ್ತವೆ. ಯಂತ್ರದ ಹೊಟ್ಟೆಯಲ್ಲಿ ಇರುವುದು ಇದೇ. ಕನ್ನಡವೆಂಬುದು ಅದರ ಮೇಲೆ ಹೊದಿಸಿದ ವಸ್ತ್ರ. ವಸ್ತ್ರ ಜಾರಿದರೆ ಕನ್ನಡವೂ ಜಾರುತ್ತದೆ.

ಕನ್ನಡಕ್ಕೆ ಸ್ವಂತ ಮನೆ ದೊರೆತದ್ದು ಯುನಿಕೋಡಿನಲ್ಲಿ. 1991ರ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳ ಒಂದು ಕೇರಿಯನ್ನು ಕೊಡಲಾಯಿತು. ಅಲ್ಲಿ 'ಕ'ಕಾರದ ಸಂಖ್ಯೆ 3221. ಬೆಂಗಳೂರಿನಲ್ಲಿಯೂ ಅಷ್ಟೆ, ಬೋಸ್ಟನ್ನಿನಲ್ಲಿಯೂ ಅಷ್ಟೆ. ಯಂತ್ರ ಬದಲಾದರೂ, ಕಾರಭಾರಿ ಬದಲಾದರೂ, ಆ ಸಂಖ್ಯೆ ಬದಲಾಗದು. ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಕನ್ನಡ ಫಾಂಟನ್ನು ಜೊತೆಯಲ್ಲಿಯೇ ಹೊತ್ತು ತಂದಿತ್ತು. ಹಾಗಿದ್ದೂ ನಮ್ಮ ಊರುಗಳಲ್ಲಿ ಹಳೆಯ ಪದ್ಧತಿ ಏಕೆ ಉಳಿಯಿತು? ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶವೇ ಮುಖ್ಯ ಕಾರಣ. ಅದರ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಯುನಿಕೋಡನ್ನು ಅದು ಅರಿಯದು. ಸಣ್ಣ ಮುದ್ರಕರ ಕೈಬೆರಳುಗಳು ಪೇಜ್‌ಮೇಕರಿಗೆ ಒಗ್ಗಿಹೋಗಿದ್ದವು. ಪೇಜ್‌ಮೇಕರಿಗೆ ಹಳೆಯ ಫಾಂಟು, ಹಳೆಯ ಫಾಂಟಿಗೆ ಹಳೆಯ ವ್ಯವಸ್ಥೆ, ಹಳೆಯ ವ್ಯವಸ್ಥೆಗೆ ಹಳೆಯ ಯಂತ್ರ, ಆ ಯಂತ್ರಕ್ಕೆ ಹಳೆಯ ಪ್ರಿಂಟರು. ಒಂದರ ಬಾಲ ಹಿಡಿದು ಇನ್ನೊಂದು ನಡೆಯುವ ಈ ಸಾಲಿನಲ್ಲಿ ಒಂದನ್ನು ಬದಲಿಸಲು ಹೋದರೆ ಎಲ್ಲವೂ ಅಲುಗಾಡುತ್ತವೆ. ವಿಂಡೋಸ್ 11ಕ್ಕೆ 32 ಬಿಟ್ಟಿನ ಆವೃತ್ತಿಯೇ ಇಲ್ಲ. 16 ಬಿಟ್ಟಿನ ಬಹಳ ಹಳೆಯ ತಂತ್ರಾಂಶಗಳು ಅದರ ಮೇಲೆ ಓಡವು. 64 ಬಿಟ್ಟಿಗೆ ಹೊಂದುವ ಚಾಲಕ ತಂತ್ರಾಂಶವಿಲ್ಲದ ಪ್ರಿಂಟರು ಸುಮ್ಮನೆ ಕೂರುತ್ತದೆ. ಅಂಗಡಿಯವನ ಅಂಜಿಕೆಯನ್ನು ಅಜ್ಞಾನವೆಂದು ನಾವು ನಗಬಾರದು.

ಇಂಥ ಕಷ್ಟ ನಮ್ಮ ಸೀಮೆಗೆ ಹೊಸದೇನೂ ಅಲ್ಲ. ಜೇವರ್ಗಿಯ ಷಣ್ಮುಖಸ್ವಾಮಿಗಳು ಹದಿನೇಳನೆಯ ಶತಮಾನದಲ್ಲಿ 'ಅಖಂಡೇಶ್ವರ' ಎಂಬ ಅಂಕಿತದಲ್ಲಿ ವಚನಗಳನ್ನು ಬರೆದರು. ಅವು ಇಂದು ನಮ್ಮ ಕೈಗೆ ಸಿಗುವುದು ಒಂದು ಓಲೆ ನೂರಾರು ವರ್ಷ ಬಾಳಿದ್ದರಿಂದಲ್ಲ. ಓಲೆ ಶಿಥಿಲವಾಗುವ ಮುನ್ನ ಯಾರೋ ಕುಳಿತು ಇನ್ನೊಂದು ಪ್ರತಿ ಎತ್ತುವ ಪದ್ಧತಿ ನಮ್ಮಲ್ಲಿದ್ದುದರಿಂದ. ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಅಚ್ಚು ಹಾಕಿಸಿದಾಗ ಅವರ ಹಿಂದೆ ಹೆಸರಿಲ್ಲದ ಇಂಥ ಪ್ರತಿಕಾರರ ದೊಡ್ಡ ಸಾಲೇ ನಿಂತಿತ್ತು. ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿಗೆ ಮಾತು ಸಾಗಿತು. ಸಾಗಿಸಿದವರು ಓಲೆಯನ್ನು ಪ್ರೀತಿಸಿದರು, ನಿಜ. ಆದರೆ ಓಲೆಗಿಂತ ಹೆಚ್ಚಾಗಿ ಮಾತನ್ನು ಪ್ರೀತಿಸಿದರು.

ಇದಕ್ಕೆ ಪ್ರತಿಯಾದ ಇನ್ನೊಂದು ಉದಾಹರಣೆಯೂ ಇಲ್ಲಿಯೇ ಇದೆ. 1948ರ ಸೆಪ್ಟೆಂಬರ್‌ವರೆಗೆ ಈ ಮೂರು ತಾಲ್ಲೂಕುಗಳೂ ನಿಜಾಮರ ಹೈದರಾಬಾದಿಗೆ ಸೇರಿದ್ದವು. ಆಡಳಿತದ ಭಾಷೆ ಉರ್ದು. ಹೊಲಮನೆಗಳ ಹಳೆಯ ಕಾಗದಗಳು ಉರ್ದುವಿನಲ್ಲಿಯೇ ಇದ್ದವು. 1956ರ ನವೆಂಬರ್ 1ರಂದು ನಾವು ಕನ್ನಡ ರಾಜ್ಯಕ್ಕೆ ಸೇರಿದೆವು. ಸೇರಿದ್ದು ನಮ್ಮ ಭಾಗ್ಯ. ಆದರೆ ಉರ್ದು ಓದಬಲ್ಲ ತಲೆಮಾರು ಕರಗುತ್ತ ಬಂದಂತೆ, ಟ್ರಂಕಿನಲ್ಲಿ ಭದ್ರವಾಗಿದ್ದ ಕಾಗದವೇ ಮೂಕವಾಯಿತು. ಶಾಯಿ ಮಾಸಲಿಲ್ಲ, ಕಾಗದ ಹರಿಯಲಿಲ್ಲ. ಮೊಮ್ಮಗನಿಗೆ ಮಾತ್ರ ತನ್ನ ತಾತನ ಹೊಲದ ಕಾಗದವನ್ನು ಓದಿಸಲು ಓದು ಬಲ್ಲವರನ್ನು ಹುಡುಕಿಕೊಂಡು ಹೋಗಬೇಕಾಯಿತು. ಬರಹ ಸಾಯುವುದಕ್ಕೆ ಎರಡು ದಾರಿಗಳಿವೆ: ಓಲೆ ಹೋಗುವುದು ಒಂದು, ಓದುವವನು ಹೋಗುವುದು ಇನ್ನೊಂದು. ಎರಡನೆಯದು ಸದ್ದಿಲ್ಲದೆ ನಡೆಯುವುದರಿಂದ ಹೆಚ್ಚು ಅಪಾಯಕಾರಿ.

ಹಳೆಯ ಫಾಂಟಿನ ಕಡತಗಳು ಈ ಎರಡನೆಯ ದಾರಿಯಲ್ಲಿ ನಡೆಯುತ್ತಿವೆ ಎಂಬುದು ನನ್ನ ಆತಂಕ. ಆದುದರಿಂದ ಹೊಸ ವ್ಯವಸ್ಥೆ ಬೇಕೇ ಬೇಡವೇ ಎಂಬ ಪ್ರಶ್ನೆಯನ್ನು ಮೊದಲು ಕೇಳುವುದೇ ತಪ್ಪು ಕ್ರಮ. ಮೊದಲ ಪ್ರಶ್ನೆ: ನಾನು ಬರೆದದ್ದನ್ನು ಬೇರೆ ಯಾವುದಾದರೂ ಯಂತ್ರ ಓದಬಲ್ಲುದೇ? ಎರಡನೆಯದು: ನನ್ನ ಯಂತ್ರ ಅಂತರ್ಜಾಲದ ಬೀದಿಗೆ ಬಾಗಿಲು ತೆರೆದಿದೆಯೇ? ಹೊಸ ವ್ಯವಸ್ಥೆಯ ಮಾತು ಬರಬೇಕಾದದ್ದು ಮೂರನೆಯದಾಗಿ.

ಮೊದಲ ಪ್ರಶ್ನೆಗೆ ಉತ್ತರ 'ಇಲ್ಲ' ಎಂದಾದರೆ, ಯಂತ್ರ ಇನ್ನೂ ಜೀವದಿಂದಿರುವಾಗಲೇ ಪ್ರತಿ ಎತ್ತುವ ಕೆಲಸಕ್ಕೆ ಕೂರಬೇಕು. ಹಳೆಯ ಸಂಕೇತದಿಂದ ಯುನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳಿವೆ; ಹಣ ಕೊಡಬೇಕಾದ್ದಿಲ್ಲ. ಆದರೆ ಅವು ಕೊಟ್ಟದ್ದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹಳೆಯ ಕಡತದಲ್ಲಿ ಅಕ್ಷರದ ತುಣುಕುಗಳು ಕಣ್ಣಿಗೆ ಕಂಡ ಕ್ರಮದಲ್ಲಿರುತ್ತವೆ. ಯುನಿಕೋಡಿನಲ್ಲಿ ಉಚ್ಚಾರದ ಕ್ರಮದಲ್ಲಿರಬೇಕು. ಹೀಗಾಗಿ ಅರ್ಕಾವೊತ್ತು ಇರುವಲ್ಲಿ, ಎರಡೆರಡು ಒತ್ತುಗಳು ಕೂಡಿರುವಲ್ಲಿ ಎಡವಟ್ಟು ಸಂಭವಿಸುತ್ತದೆ. ನಡುವೆ ಒಂದು ಇಂಗ್ಲಿಷ್ ಹೆಸರಿದ್ದರೆ ಅದನ್ನೂ ಕನ್ನಡದ ತುಣುಕುಗಳೆಂದೇ ತಿಳಿದು ಪರಿವರ್ತಕವು ಅರ್ಥವಿಲ್ಲದ ಪದವೊಂದನ್ನು ಹುಟ್ಟಿಸುತ್ತದೆ. ನನ್ನ ಬಳಿಯೂ ಇಂಥ ಒಂದು ಗಂಟಿದೆ. ಭೀಮಾತೀರದ ಹಳ್ಳಿಗಳಲ್ಲಿ ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ಪದಗಳನ್ನು ಬಹಳ ವರ್ಷಗಳ ಹಿಂದೆ ಬರೆದುಕೊಂಡು, ಅಂಗಡಿಯಲ್ಲಿ ಟೈಪು ಮಾಡಿಸಿ ಇಟ್ಟದ್ದು. ಹಾಡಿದವರಲ್ಲಿ ಬಹಳ ಜನ ಈಗಿಲ್ಲ. ಅದನ್ನು ಪರಿವರ್ತಿಸಿ, ಮೂಲದ ಮುದ್ರಿತ ಹಾಳೆಗಳನ್ನು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ನಾಲ್ಕೈದು ಪುಟದಂತೆ ತಾಳೆ ನೋಡುತ್ತಿದ್ದೇನೆ. ಆಡುಮಾತಿನ ಪದ ಯಾವುದು, ಪರಿವರ್ತಕದ ದೋಷ ಯಾವುದು ಎಂಬುದನ್ನು ಯಂತ್ರ ಹೇಳಲಾರದು. ಆ ಮಾತನ್ನು ಬಲ್ಲ ಕಿವಿಯೇ ಹೇಳಬೇಕು. ಆ ಕಿವಿಗಳು ಇನ್ನೂ ಇರುವಾಗಲೇ ಈ ಕೆಲಸ ಮುಗಿಯಬೇಕು. ಮೈಕ್ರೋಸಾಫ್ಟ್ ಕೊಟ್ಟ ಗಡುವಿಗಿಂತ ಈ ಗಡುವು ನನಗೆ ಹೆಚ್ಚು ಸಮೀಪದ್ದಾಗಿ ಕಾಣುತ್ತದೆ.

ಇದೇ ಕೆಲಸವನ್ನು ಸರ್ಕಾರವೂ ಒಮ್ಮೆ ಮಾಡಿ ತೋರಿಸಿತು. 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕೈಬರಹದ ಪುಸ್ತಕಗಳಿಂದ ಗಣಕಯಂತ್ರಕ್ಕೆ ಇಳಿಸಲಾಯಿತು. ಅದನ್ನು ನಡೆಸಿದ ಅಂದಿನ ಯಂತ್ರಗಳ ಕಾಲ ಎಂದೋ ಮುಗಿಯಿತು. ಪಹಣಿ ಮಾತ್ರ ಇಂದಿಗೂ ಬರುತ್ತಲೇ ಇದೆ. ಜೋಪಾನ ಮಾಡಬೇಕಾದದ್ದು ಯಂತ್ರವನ್ನಲ್ಲ, ಅದರೊಳಗಿನ ಬರಹವನ್ನು ಎಂಬುದಕ್ಕೆ ಇದು ಸಾಕ್ಷಿ.

ಇನ್ನು ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳು. ಇಲ್ಲಿ ಎಲ್ಲರಿಗೂ ಒಂದೇ ಉತ್ತರವಿಲ್ಲ. ರೈತರ ಅರ್ಜಿ, ಆಧಾರ್ ಸಂಖ್ಯೆ, ಬ್ಯಾಂಕಿನ ವಿವರಗಳನ್ನು ಅಂತರ್ಜಾಲದಲ್ಲಿ ತುಂಬಿಕೊಡುವ ಅಂಗಡಿಯವನು ಪೋಷಣೆಯಿಲ್ಲದ ವ್ಯವಸ್ಥೆಯಲ್ಲಿ ಮುಂದುವರಿಯಬಾರದು. ಅಪಾಯಕ್ಕೆ ಸಿಲುಕುವುದು ಅವನದಲ್ಲ, ನಂಬಿ ಬಂದವರ ಗುಟ್ಟು. ಅವನು ವಿಂಡೋಸ್ 11ಕ್ಕೆ ಹೋಗುವುದೇ ಸರಿ. ಹೋಗುವ ಮುನ್ನ ಯಂತ್ರ ಅರ್ಹವೇ ಎಂದು ಮೈಕ್ರೋಸಾಫ್ಟ್ ಕೊಡುವ ಪರೀಕ್ಷಾ ತಂತ್ರಾಂಶದಿಂದಲೇ ನೋಡಿಕೊಳ್ಳಬಹುದು. ಟಿಪಿಎಂ ಇಲ್ಲವೆಂಬ ಉತ್ತರ ಬಂದರೆ ಕೂಡಲೇ ಎದೆಗುಂದಬೇಕಾಗಿಲ್ಲ. ಎಷ್ಟೋ ಯಂತ್ರಗಳಲ್ಲಿ ಅದು ಒಳಗಿದ್ದೂ ಮಲಗಿರುತ್ತದೆ, ಎಬ್ಬಿಸಿದರೆ ಏಳುತ್ತದೆ.

ಪೇಜ್‌ಮೇಕರನ್ನು ಬಿಡಲಾರದ ಮುದ್ರಕನ ಮಾತು ಬೇರೆ. ಅವನು ಹಳೆಯ ಯಂತ್ರವನ್ನು ಅಂತರ್ಜಾಲದಿಂದ ಬಿಡಿಸಿ, ಏಕಾಂತದಲ್ಲಿ ಕೆಲಸ ಮಾಡಿಸಿಕೊಳ್ಳಬಹುದು. ಆದರೆ ಅದು ಮುಪ್ಪಿನ ಎತ್ತು. ಹೊಸ ಪುಸ್ತಕಗಳನ್ನಾದರೂ ಯುನಿಕೋಡ್ ಬಲ್ಲ ಇನ್‌ಡಿಸೈನಿನಂಥ ತಂತ್ರಾಂಶದಲ್ಲಿ ಕಟ್ಟುವುದನ್ನು ಈಗಿನಿಂದಲೇ ಕಲಿಯಬೇಕು. ಟೈಪು ಮಾಡುವ ಅಭ್ಯಾಸ ಹೇಗಪ್ಪಾ ಬದಲಿಸುವುದು ಎಂಬ ಚಿಂತೆ ಬೇಡ, ಕೆ.ಪಿ. ರಾವ್ ಅವರ ಅದೇ ಕೀಲಿಮಣೆ ಯುನಿಕೋಡಿನಲ್ಲಿಯೂ ದೊರೆಯುತ್ತದೆ. ಬೆರಳುಗಳು ಹೊಸದೇನನ್ನೂ ಕಲಿಯಬೇಕಾಗಿಲ್ಲ.

ನನ್ನಂತೆ ಬರೆಯುವುದು, ಓದುವುದು, ಪತ್ರ ಕಳುಹಿಸುವುದು ಇಷ್ಟೇ ಕೆಲಸವುಳ್ಳವರಿಗೆ ಮೂರನೆಯ ದಾರಿಯೊಂದಿದೆ. ಫಿನ್‌ಲ್ಯಾಂಡಿನ ವಿದ್ಯಾರ್ಥಿಯಾಗಿದ್ದ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂದು ಯಾರೂ ಉಚಿತವಾಗಿ ಪಡೆಯಬಹುದಾದ ವ್ಯವಸ್ಥೆ. ವಿಂಡೋಸ್ 11 ಒಲ್ಲೆನೆಂದ ಯಂತ್ರದಲ್ಲಿಯೂ ಅದು ನೆಮ್ಮದಿಯಾಗಿ ನಡೆಯುತ್ತದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ಬಹುಕಾಲದಿಂದ ಅದರ ಮೇಲೆಯೇ ಕಲಿಯುತ್ತಿದ್ದಾರೆ. ಅದರಲ್ಲಿ ಕನ್ನಡ ಫಾಂಟುಗಳಿವೆ, ಕೀಲಿಮಣೆಯಿದೆ, ಬರೆಯಲು ಲಿಬ್ರೆ ಆಫೀಸ್ ಇದೆ. ಪೇಜ್‌ಮೇಕರ್ ಸುಲಭವಾಗಿ ಒಗ್ಗದು. ಎಲ್ಲ ಪ್ರಿಂಟರೂ ಮಾತು ಕೇಳದು. ಕೆಟ್ಟರೆ ರಿಪೇರಿಗೆ ಅಫಜಲಪುರದಲ್ಲಿ ಯಾರನ್ನು ಕರೆಯಬೇಕೆಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ನಾನಂತೂ ಈ ಲೆಕ್ಕವನ್ನೆಲ್ಲ ಹಾಕಿ ನನ್ನ ಹಳೆಯ ಯಂತ್ರಕ್ಕೆ ಲಿನಕ್ಸನ್ನೇ ಹಾಕಿಸಿಕೊಳ್ಳಬೇಕೆಂದು ತೀರ್ಮಾನಿಸಿದ್ದೇನೆ. ಬೀಸುವ ಪದಗಳ ಕೊನೆಯ ಪುಟ ತಾಳೆಯಾಗುವವರೆಗೆ ಮಾತ್ರ ಅದರ ಒಳಗನ್ನು ಮುಟ್ಟಿಸುವುದಿಲ್ಲ.

ಒಂದು ಸೂಚನೆಯೊಡನೆ ಮುಗಿಸುತ್ತೇನೆ. ನಿಮ್ಮ ಊರಿನ ಟೈಪಿಂಗ್ ಅಂಗಡಿಯಲ್ಲಿ ನಿಮ್ಮ ಪುಸ್ತಕವೋ, ನಿಮ್ಮ ಶಾಲೆಯ ಸ್ಮರಣಸಂಚಿಕೆಯೋ, ಮಠದ ಚರಿತ್ರೆಯೋ ಹಳೆಯ ಫಾಂಟಿನಲ್ಲಿ ಕುಳಿತಿರಬಹುದು. ಅಂಗಡಿಯವನು ಯಂತ್ರ ಬದಲಿಸುವ ದಿನ ಅದನ್ನು ಅಳಿಸಿದರೆ ಅವನನ್ನು ದೂರುವಂತಿಲ್ಲ. ಹೋಗಿ ಕೇಳಿ. ಒಂದು ಪ್ರತಿ ತನ್ನಿ; ಯುನಿಕೋಡಿಗೆ ತಿರುಗಿಸಿ, ತಿದ್ದಿ, ಎರಡು ಕಡೆ ಇಡಿ. ಅವನ ಶ್ರಮಕ್ಕೆ ತಕ್ಕ ಹಣವನ್ನೂ ಕೊಡಿ. ಅಷ್ಟಾದ ಮೇಲೆ ಹತ್ತೋ, ಹನ್ನೊಂದೋ, ಮುಂದೆ ಬರಬಹುದಾದ ಇನ್ನೊಂದೋ, ಯಾವ ವ್ಯವಸ್ಥೆ ಬಂದರೂ ನಾವು ನಿಶ್ಚಿಂತೆಯಿಂದ ಆರಿಸಿಕೊಳ್ಳಬಹುದು.